ಬಳೆ ಸುಮ್ಮನಾದರೆ ನಡಿಗೆ

ಘಲ್‌ಘಲ್ ಎಂದು ಒಂದೇ ಸಮನೆ ಗಾಜಿನ ಬಳೆಗಳ ಸದ್ದು, ಆಮೇಲೆ ಒಮ್ಮೆಲೇ ಮೌನ. ರಾಯದುರ್ಗದ ಬೆಟ್ಟದ ಕೆಳಗಿನ ರಸ್ತೆಯಲ್ಲಿ ಎರಡು ವರ್ಷ ನನ್ನ ಬೆಳಗು ಹೀಗೇ ಶುರುವಾಗುತ್ತಿತ್ತು. ಸದ್ದು ಬರುತ್ತಿದ್ದರೆ ಮುಂದಿರುವ ಗೆಳತಿ ಓಡುತ್ತಿದ್ದಾಳೆ, ನಾನೂ ಓಡಬೇಕು. ನಡೆಯುವಾಗ ಅವಳು ಎರಡೂ ಕೈ ಸೊಂಟಕ್ಕಿಟ್ಟುಕೊಳ್ಳುತ್ತಿದ್ದಳು, ಬಳೆ ಸುಮ್ಮನಾಗುತ್ತಿದ್ದವು. ಆಗ ನಾನೂ ನಡೆಯಬಹುದು.

ಜೊತೆಜೊತೆಯಾಗಿ ಓಡಲು ಆ ರಸ್ತೆಯಲ್ಲಿ ಜಾಗವಿರಲಿಲ್ಲ. ಬೆಳಗಾಗುತ್ತಲೇ ಜೀನ್ಸ್ ಬಟ್ಟೆಯ ಗಂಟು ಹೇರಿಕೊಂಡ ಬೈಕುಗಳು ಮೈಮೇಲೇ ಬರುತ್ತಿದ್ದವು. ಅವಳ ಮಗಳು ಕೊಡಿಸಿದ ವಾಚ್ ಅವಳ ಕೈಯಲ್ಲಿತ್ತು. ಎರಡು ನಿಮಿಷ ಓಡಿದ ಮೇಲೊಮ್ಮೆ, ಒಂದು ನಿಮಿಷ ನಡೆದ ಮೇಲೊಮ್ಮೆ ಅದು ಚರ್ಮದ ಮೇಲೆ ನಡುಗಿ ಹೇಳುತ್ತಿತ್ತು. ಅದನ್ನು ಬಲ್ಲವಳು ಅವಳು. ನನಗೆ ಬಳೆಯೇ ವಾಚ್.

ಈ ಮೆಥಡ್ ತಂದವಳು ಮಾತ್ರ ನಾನು. ಮೊಣಕಾಲು ತೋರಿಸಲು ಬಳ್ಳಾರಿಗೆ ಹೋದಾಗ ಫಿಸಿಯೋಥೆರಪಿ ಹುಡುಗಿ ಹೇಳಿದ್ದಳು: "ಓಡೋದು ಬಿಡಬ್ಯಾಡ್ರಿ ಮೇಡಂ. ಎರಡ್ ನಿಮಿಷ ಓಡ್ರಿ, ಒಂದ್ ನಿಮಿಷ ನಡೀರಿ. ದಣಿಯೋಕ್ಕಿಂತ ಮೊದ್ಲ ನಡೀಬೇಕು, ಅದ ಸೀಕ್ರೆಟ್." ದಣಿದ ಮೇಲೆ ನಡೆದರೆ ಕಾಲು ಮತ್ತೆ ಓಡಲು ಒಪ್ಪುವುದಿಲ್ಲ. ಮೊದಲೇ ನಡೆದರೆ ಉಸಿರು ತಿರುಗಿ ಬರುತ್ತದೆ, ಮೊಣಕಾಲಿಗೆ ಬಿಡುವು ಸಿಗುತ್ತದೆ, ಕೊನೆಯ ಕಿಲೋಮೀಟರಿಗೂ ಸ್ವಲ್ಪ ಶಕ್ತಿ ಉಳಿದಿರುತ್ತದೆ. ಓಟ ಚಿಕ್ಕದಾದರೂ ಅಷ್ಟೆ.

ಇದನ್ನು ನಂಬಲು ನನಗೇ ಕಷ್ಟವಾಗಿತ್ತು. ಕಾನ್ವೆಂಟಿನ ಸ್ಪೋರ್ಟ್ಸ್ ಡೇಯಲ್ಲಿ ನಮ್ಮ ಸಿಸ್ಟರ್ ವಿಸಿಲ್ ಹಿಡಿದು, "ನೋ ವಾಕಿಂಗ್, ಗರ್ಲ್ಸ್!" ಎಂದು ಕೂಗುತ್ತಿದ್ದರು. ಒಮ್ಮೆ ನಾಲ್ಕು ಹೆಜ್ಜೆ ನಡೆದೆನೆಂದು ಮರುದಿನ ಅಸೆಂಬ್ಲಿಯಲ್ಲಿ ನಿಲ್ಲಿಸಿದ್ದರು. ಓಟದಲ್ಲಿ ನಡೆಯುವುದು ಚೀಟಿಂಗ್ ಎಂಬ ಭಾವನೆ ಐವತ್ತು ವರ್ಷ ನನ್ನ ಕಾಲಿನಲ್ಲೇ ಕೂತಿತ್ತು.

ಹೊಲಿಗೆ ಯೂನಿಟ್ಟಿನ ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತವರೊಬ್ಬರು ದಿನವೂ ಕೇಳುತ್ತಿದ್ದರು, "ಯಾಕ್ರಿ ಟೀಚರಮ್ಮ, ಓಡಿದ್ರಿ, ಮತ್ತ ನಿಂತ್ರಿ. ಬಸ್ ಹೋತೇನ್ರಿ?"

"ಹೌದ್ರಿ, ಹಿಂದ ಬರೋ ಬಸ್ಸಿಗೆ ಹೋಗ್ತೀವಿ ಬಿಡ್ರಿ," ಎಂದು ಗೆಳತಿಯೇ ನನ್ನ ಪರವಾಗಿ ಉತ್ತರ ಕೊಡುತ್ತಿದ್ದಳು. ಅವಳಿದ್ದರೆ ನನಗೆ ನಾಚಿಕೆಯಿರಲಿಲ್ಲ.

ಅವಳು ಊರು ಬಿಡುವವಳಿದ್ದಳು. ತವರಾದ ಮಡಕಶಿರದಲ್ಲಿ ಗಂಡ ಹೆಂಡತಿ ಹೊಸ ಮನೆ ಕಟ್ಟಿಸಿದ್ದರು. ಅಷ್ಟರಲ್ಲಿ ಅಲ್ಲಿ ಹೆಂಗಸರಿಗೆಂದು ಐದು ಕಿಲೋಮೀಟರ್ ಓಟ ಇಟ್ಟಿರುವ ಸುದ್ದಿ ಬಂತು. "ಹೋಗೋಕ್ ಮುಂಚೆ ಇದೊಂದು ಜೊತೆಗೆ ಮುಗಿಸೋಣ ಕಣೇ," ಎಂದಳು. ಮೊದಲಿಂದ ಕೊನೆಯವರೆಗೆ ನಮ್ಮ ಲೆಕ್ಕದಂತೆಯೇ ಓಡುವುದು, ನಡೆಯುವುದು. ಫಿನಿಶ್ ಲೈನನ್ನು ಕೈ ಹಿಡಿದು ದಾಟುವುದು. ಅದಕ್ಕೆ ಬೆಟ್ಟದ ಕೆಳಗಿನ ಕೊನೆಯ ಕರೆಂಟ್ ಕಂಬದ ಹತ್ತಿರ ರಿಹರ್ಸಲ್ ಕೂಡ ಮಾಡಿದ್ದೆವು. ಇಬ್ಬರು ಮುದುಕಿಯರು ಕೈ ಕೈ ಹಿಡಿದು ಕಂಬ ದಾಟುವುದನ್ನು ನೋಡಿ ಬೈಕಿನವರು ಹಾರ್ನ್ ಹೊಡೆದಿದ್ದರು. ಬಹುಮಾನ ನನಗೆ ಬೇಕಿರಲಿಲ್ಲ. ಆ ಕೈ ಬೇಕಿತ್ತು.

ಹಿಂದಿನ ದಿನವೇ ಹೋಗಿ ಅವಳ ತಮ್ಮನ ಮನೆಯಲ್ಲಿ ಇಳಿದುಕೊಂಡೆವು. ಆ ಮನೆ ಓಟದ ದಾರಿಯಲ್ಲೇ ಇತ್ತು. ಕಾಫಿ ಕೊಡುತ್ತ ತಮ್ಮನ ಹೆಂಡತಿ ನಕ್ಕಳು: "ಓಟಕ್ಕೋಗಿ ನಡೀತೀರಾ ಅತ್ತಿಗೆ? ನಡೆಯೋದೇ ಆದ್ರೆ ನಮ್ಮ ರೇಷ್ಮೆ ತೋಟಕ್ಕೆ ಬನ್ನಿ, ಹುಳಕ್ಕೆ ಒಂದೊರೆ ಸೊಪ್ಪಾದ್ರೂ ತರಬೋದು." ಎಲ್ಲರೂ ನಕ್ಕರು. ಗೆಳತಿಯೂ ನಕ್ಕಳು. ರಾಯದುರ್ಗದಲ್ಲಿ ತಟ್ಟನೆ ಉತ್ತರ ಕೊಡುತ್ತಿದ್ದವಳು ಇಲ್ಲಿ ಸುಮ್ಮನೆ ಲೋಟ ನೋಡುತ್ತ ಕೂತಳು. ತವರು, ಸಂಕೋಚ, ಎಂದುಕೊಂಡೆ.

ಬೆಳಿಗ್ಗೆ ಹೊರಡುವಾಗ, "ನಿನ್ ಕರ್ಚೀಫ್ ಕೊಡೇ, ಬೆವರು ಒರೆಸ್ಕೊಳ್ಳೋಕೆ," ಎಂದಳು. ಕೊಟ್ಟೆ.

ಶುರುವಿನಲ್ಲಿ ಮೈಕು, ತಮಟೆ, ಕಾಲೇಜು ಹುಡುಗಿಯರ ಕೂಗಾಟ. ಅವಳ ಬೆನ್ನನ್ನೇ ನೋಡುತ್ತ ಓಡಿದೆ. ಜನ ತೆಳುವಾದ ಮೇಲೆ ಕಿವಿಗೊಟ್ಟರೆ ಬಳೆಯ ಸದ್ದಿಲ್ಲ. ಸದ್ದಿಲ್ಲವೆಂದರೆ ನಡಿಗೆ. ತಲೆ ತಗ್ಗಿಸಿ, ಸೊಂಟಕ್ಕೆ ಕೈಯಿಟ್ಟು ನಡೆದೆ. ಎಷ್ಟು ಹೊತ್ತಾದರೂ ಸದ್ದು ಶುರುವಾಗಲಿಲ್ಲ. ತಲೆಯೆತ್ತಿದಾಗ ಅವಳ ಹಸಿರು ದುಪಟ್ಟಾ ಆಗಲೇ ಹುಣಸೆಮರದ ತಿರುವಿನಲ್ಲಿತ್ತು. ಅವಳು ಓಡುತ್ತಿದ್ದಳು. ಪಾಪ, ವಾಚ್ ಕೆಟ್ಟಿರಬೇಕು ಅನಿಸಿತು, ನಿಜವಾಗಿ. "ಏಯ್, ನಡಿಗೆ! ನಡಿಗೆ!" ಎಂದು ಕೂಗಿದೆ. ಅವಳು ತಿರುಗಿ ನೋಡಿದಳು. ನೋಡಿ, ಓಡಿದಳು.

ನನ್ನ ಕೈಯಲ್ಲಿ ವಾಚಿರಲಿಲ್ಲ. ಕಾನ್ವೆಂಟಿನ "ಅವರ್ ಫಾದರ್" ನೆನಪಾಯಿತು. ನಿಧಾನವಾಗಿ ಹೇಳಿದರೆ ಅರ್ಧ ನಿಮಿಷದ ಪ್ರಾರ್ಥನೆ. ಮನಸ್ಸಿನಲ್ಲೇ ನಾಲ್ಕು ಸಲ ಹೇಳುತ್ತ ಓಡಿದೆ, ಎರಡು ಸಲ ಹೇಳುತ್ತ ನಡೆದೆ. ನಡೆಯುವಾಗಲೆಲ್ಲ ಸಿಸ್ಟರ್ ವಿಸಿಲ್ ಕೇಳಿಸಿದ ಹಾಗಾಗುತ್ತಿತ್ತು. ಆದರೂ ನಡೆದೆ.

ಮೂರನೇ ಕಿಲೋಮೀಟರಿನಲ್ಲಿ ತಮ್ಮನ ಮನೆ. ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೆಳತಿ ಕಾಲು ಚಾಚಿ ಕೂತಿದ್ದಳು. ಮುಖ ಕೆಂಪಾಗಿತ್ತು, ಮಾತಿಗೊಮ್ಮೆ ಏದುಸಿರು, ಕೈಯಲ್ಲಿ ನಿಂಬೆಹಣ್ಣಿನ ಪಾನಕ. ನಾನಾಗ ಸರಿಯಾಗಿ ನಡಿಗೆಯ ನಿಮಿಷದಲ್ಲಿದ್ದೆ.

"ಅಗೋ, ನಡಿಗೆ ಟೀಚರಮ್ಮ ಬಂದ್ರು!" ಎಂದಳು ತಮ್ಮನ ಹೆಂಡತಿ.

"ಇವಳಿಗೋಸ್ಕರಾನೇ ಕಾಯ್ತಾ ಕೂತಿದ್ದು," ಎಂದಳು ಗೆಳತಿ, ನನ್ನ ಕಡೆ ನೋಡದೆ. "ಮಂಡಿನೋವು, ಪಾಪ. ನಾನೊಬ್ಳೇ ಆಗಿದ್ರೆ ಇಷ್ಟೊತ್ತಿಗೆ ಮುಗಿಸ್ಬಿಡ್ತಿದ್ದೆ."

ಆಗ ಕಂಡಿತು. ಅವಳ ಬಲಗೈಯ ಬಳೆಗಳನ್ನೆಲ್ಲ ಒಟ್ಟಿಗೆ ಸೇರಿಸಿ ನನ್ನ ಕರ್ಚೀಫು ಬಿಗಿಯಾಗಿ ಸುತ್ತಿ ಗಂಟು ಹಾಕಲಾಗಿತ್ತು. ಎಡಗೈಯಲ್ಲಿ ವಾಚ್ ಮಾತ್ರ. ಆ ಕೈಯ ಬಳೆಗಳನ್ನು ತೆಗೆದಿಟ್ಟೇ ಬಂದಿದ್ದಳು. ಓಡುತ್ತ ಓಡುತ್ತ ಮನಸ್ಸು ಬದಲಾಗಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ತವರಿನವರ ಮುಂದೆ ನಡೆಯಲು ನಾಚಿಕೆಯಾಯಿತು ಎಂದಿದ್ದರೂ ಅರ್ಥವಾಗುತ್ತಿತ್ತು. ನಾಚಿಕೆ ನನಗೆ ಗೊತ್ತಿಲ್ಲದ್ದಲ್ಲ. ಇದು ಮನೆಯಲ್ಲೇ, ಹೊರಡುವ ಮೊದಲೇ, ನನಗೆ ಕೇಳಿಸಬಾರದೆಂದು ಕಟ್ಟಿದ ಗಂಟು.

"ವಾಚ್ ಕೆಟ್ಟಿತ್ತೇನ?" ಎಂದೆ.

ಅವಳು ದುಪಟ್ಟಾವನ್ನು ಮುಂಗೈ ಮೇಲೆ ಎಳೆದುಕೊಂಡಳು. "ಬಾರೇ, ಇಲ್ಲಿಂದ ಜೊತೆಗೋಗೋಣ," ಎಂದು ಏಳುತ್ತ ಇನ್ನೊಂದು ಕೈ ಚಾಚಿದಳು. ನನ್ನ ಎರಡನೇ ಪ್ರಾರ್ಥನೆ ಮುಗಿದಿತ್ತು. ಓಡುವ ಹೊತ್ತು. ಓಡಿದೆ. ಹಿಂದೆ ಹತ್ತು ಹೆಜ್ಜೆ ಬಂದ ಸಪ್ಪಳವಾಯಿತು, ಆಮೇಲೆ ಇಲ್ಲ.

ಓಟ ಮುಗಿಸಿದೆ. ಕೊನೆಯವಳೇನೂ ಆಗಲಿಲ್ಲ, ಮೊಣಕಾಲೂ ನೋಯಲಿಲ್ಲ. ಗೆರೆ ದಾಟುವಾಗ ನನ್ನ ಎಡಗೈ ತಾನಾಗಿಯೇ ಪಕ್ಕಕ್ಕೆ ಚಾಚಿತ್ತು, ರಿಹರ್ಸಲ್ಲಿನ ಅಭ್ಯಾಸ. ಸಿಲ್ಲಿ! ಮೆಡಲ್ ಹಾಕುತ್ತಿದ್ದ ಹುಡುಗಿ ಅದನ್ನು ಕೈಕುಲುಕಲು ಚಾಚಿದ್ದೆಂದುಕೊಂಡು ಕುಲುಕಿದಳು.

ಸಾಮಾನು ಸಾಗಿಸಲು ಆಮೇಲೆ ರಾಯದುರ್ಗಕ್ಕೆ ಅವಳ ಗಂಡನೊಬ್ಬರೇ ಬಂದರು. ಹಾಗಾಗಿ ಅವಳನ್ನು ನಾನು ಕೊನೆಗೆ ಕಂಡದ್ದು ಓಟದ ದಿನವೇ, ಬ್ಯಾಗ್ ತೆಗೆದುಕೊಳ್ಳಲು ಅವಳ ತಮ್ಮನ ಮನೆಗೆ ಹೋದಾಗ.

"ಅತ್ತಿಗೆ ಮಲಗವ್ರೆ, ಸುಸ್ತಾಗೈತೆ, ಎಬ್ಬಿಸ್ಬ್ಯಾಡಿ," ಎಂದಳು ತಮ್ಮನ ಹೆಂಡತಿ. ಒಳಕೋಣೆಯಲ್ಲಿ ಗೆಳತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನನ್ನ ಬ್ಯಾಗಿನ ಮೇಲೆ ಕರ್ಚೀಫು, ಒಗೆದು ಹಿಂಡಿ ಮಡಿಸಿಟ್ಟದ್ದು, ಇನ್ನೂ ಒದ್ದೆಯಾಗಿತ್ತು. ಬ್ಯಾಗ್ ಎತ್ತಿಕೊಂಡಾಗ ಅವಳ ಬಳೆ ಒಮ್ಮೆ ಘಲ್ಲೆಂದಿತು. ಎಚ್ಚರವಾಗಿದ್ದಾಳೆ. ಕಾದು ನಿಂತೆ. ಅವಳ ಎಡಗೈ ನಿಧಾನವಾಗಿ ಬಂದು ಬಲಗೈಯ ಬಳೆಗಳನ್ನು ಅದುಮಿ ಹಿಡಿಯಿತು.

ಸದ್ದು ನಿಂತಿತು. ನಾನು ಬಸ್ ಸ್ಟ್ಯಾಂಡಿನ ಕಡೆ ನಡೆದೆ.