ಪರಶು ಮುಚ್ಚಿದ ಇಪ್ಪತ್ಮೂರು ತಂತಿಗಳು

ಪರಶುವನ್ನು ನಾನು ಮೊದಲು ಕಂಡದ್ದು ನನ್ನ ಹೆಂಡತಿಯ ಕಿವಿಯ ದೆಸೆಯಿಂದ. ಶಾಲೆಯಿಂದ ನಿವೃತ್ತನಾದ ಎರಡನೆಯ ವರ್ಷ ಬೈಲಹೊಂಗಲದಲ್ಲಿ ಒಂದು ಹಳೆಯ ಸಣ್ಣ ಕಾರನ್ನು ಕೊಂಡಿದ್ದೆ. ತಿಂಗಳಿಗೊಮ್ಮೆ ರಾಮದುರ್ಗದಲ್ಲಿರುವ ಮೈದುನನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಹಳೆಯ ನಾಟಕದ ಹಾಡುಗಳನ್ನು ಕೇಳಬೇಕೆಂಬುದು ರಾಧಾಬಾಯಿಯ ಆಸೆ. ಆದರೆ ಅವಳ ಕಿವಿ ಆಗಲೇ ಮಂದವಾಗತೊಡಗಿತ್ತು. ಅವಳಿಗೆ ಕೇಳಲೆಂದು ಕಾರಿನ ಹಾಡಿನ ಸೆಟ್ಟಿನ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಹಾಡು ಒಡೆದು ಕರಕರ ಎನ್ನುತ್ತಿತ್ತು. ಅವಳಿಗೆ ಗದ್ದಲ ಮುಟ್ಟುತ್ತಿತ್ತೇ ಹೊರತು ಹಾಡು ಮುಟ್ಟುತ್ತಿರಲಿಲ್ಲ.

ಸೀಟಿನ ಕೆಳಗೆ ಆಂಪ್ಲಿಫಾಯರ್ ಕೂಡಿಸಿದರೆ ದನಿ ಒಡೆಯದೆ ದೊಡ್ಡದಾಗುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಹಾಕಿಸುವುದಾದರೆ ಪರಶುನ ಕಡೆಯೇ ಹಾಕಿಸಬೇಕು, ಹಾಕಿದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಸೇರಿಸಿದರು. ಹಾಗೆ ಸವದತ್ತಿ ರಸ್ತೆಯ ಅವನ ತಗಡಿನ ಅಂಗಡಿಗೆ ಹೋದೆ. ಉಪಕರಣಗಳ ಹಲಗೆಯ ಮೇಲೆ ಅಂಗೈಯಷ್ಟು ದೊಡ್ಡ ಬುದ್ಧನ ಮೂರ್ತಿ. ಅದರ ಕೆಳಗೆ ಇಪ್ಪತ್ತನಾಲ್ಕರ ಒಬ್ಬ ತೆಳ್ಳನೆಯ ಹುಡುಗ. ಬಾನೆಟ್ ಎತ್ತಿ ನಿಲ್ಲಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಾಲು ಗಂಟೆ ಸುಮ್ಮನೆ ನೋಡುತ್ತ ನಿಂತ. ನಾನು ಅವಸರ ಮಾಡಿದೆ.

"ಸರ, ವೈರ್ ಎಲ್ಲಿ ಹಾದು ಹೋಗಬೇಕು ಅನ್ನೋದನ್ನ ಗಾಡಿನ ಹೇಳತೈತ್ರಿ. ನಾವು ಸುಮ್ಮನ ನಿಂತು ಕೇಳಬೇಕು ನೋಡ್ರಿ" ಎಂದ.

ಆಂಪ್ಲಿಫಾಯರಿಗೆ ನೇರವಾಗಿ ಬ್ಯಾಟರಿಯಿಂದಲೇ ವಿದ್ಯುತ್ತು ಬೇಕು. ಅದಕ್ಕಾಗಿ ಕಿರುಬೆರಳಿನಷ್ಟು ದಪ್ಪದ ಕೆಂಪು ತಂತಿಯೊಂದನ್ನು ಎಳೆಯುತ್ತಾರೆ. ಬೇರೆಯವರು ಅದನ್ನು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಎಂಜಿನ್ನಿನ ಮೇಲೆ ಅಡ್ಡಡ್ಡ ಬಿಟ್ಟಿರುವುದನ್ನು ನಾನು ಕಂಡಿದ್ದೆ. ಪರಶು ಅದಕ್ಕೆ ಕಪ್ಪು ಕೊಳವೆ ತೊಡಿಸಿದ. ಎಂಜಿನ್ನಿನ ಕಾವು ತಾಗದಂತೆ, ಚಕ್ರದ ಮೇಲಿನ ಗೋಡೆಗುಂಟ, ಕಂಪನಿಯ ತಂತಿಗಳ ಮಗ್ಗುಲಲ್ಲೇ ಮಲಗಿಸಿದ. ಕಂಪನಿಯವರು ಎಲ್ಲೆಲ್ಲಿ ಕಟ್ಟಿದ್ದರೋ ಅಲ್ಲಲ್ಲೇ ತಾನೂ ಕಟ್ಟಿ, ಗಂಟುಗಳನ್ನು ಕೆಳಮುಖ ಮಾಡಿದ. ಎಂಜಿನ್ನಿಗೂ ನಾವು ಕೂಡುವ ಜಾಗಕ್ಕೂ ನಡುವಿನ ತಗಡಿನಲ್ಲಿ ಒಂದು ತೂತು ಕೊರೆದು, ತಂತಿಯನ್ನು ಒಳಗೆ ಹಾಯಿಸಿ, ಬಾಗಿಲ ಹೊಸ್ತಿಲಿನ ಪಟ್ಟಿಯಡಿ ಅಡಗಿಸಿ ಸೀಟಿನ ತನಕ ಒಯ್ದ. ಹಾಡಿನ ತಂತಿಗಳನ್ನು ಮಾತ್ರ ಇನ್ನೊಂದು ಮಗ್ಗುಲಿನಿಂದ ತಂದ. ಎರಡೂ ಜೊತೆಗೂಡಿದರೆ ಹಾಡಿನಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದಂತೆ.

ಸಂಜೆ ಬಾನೆಟ್ಟಿನ ಮುಂದೆ ನಿಂತು ಹುಡುಕಿದೆ. ನನಗೆ ತಂತಿ ಕಾಣಲಿಲ್ಲ. ನಿಜವಾಗಿಯೂ ಹಾಕಿದ್ದೀಯೇನೋ ಎಂದು ಕೇಳಿದ್ದಕ್ಕೆ ನಕ್ಕ. ಮುಂದಿನ ವಾರ ರಾಮದುರ್ಗದ ದಾರಿಯಲ್ಲಿ ರಾಧಾಬಾಯಿ ಹಾಡಿನ ಕಡೆಗೆ ಕಿವಿಯಿಟ್ಟು ಕುಳಿತಳು. ಆಮೇಲೆ, ಈ ಗಾಯಕ ಎರಡನೆಯ ಸಾಲಿನ ನಡುವೆ ಉಸಿರು ತೆಗೆದುಕೊಳ್ಳುತ್ತಾನೆ, ಇಷ್ಟು ವರ್ಷ ಕೇಳಿರಲೇ ಇಲ್ಲ ಎಂದಳು.

ಅಂದಿನಿಂದ ಅತ್ತ ಹೋದಾಗಲೆಲ್ಲ ಅವನ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕುಳಿತು ಬರುವುದು ರೂಢಿಯಾಯಿತು. ಅವನ ತಂದೆ ಗಂಗಪ್ಪ ವಿದ್ಯುತ್ ಕಂಬ ನೆಡುವ ತಂಡದಲ್ಲಿ ದುಡಿದವರು. ತೀರಿಕೊಂಡು ಬಹಳ ವರ್ಷಗಳಾಗಿದ್ದವು. ತಾಯಿ ಕೃಷ್ಣವ್ವ ಹಳೆಯ ಸೀರೆಗಳಿಂದ ಹಾಸಿ ಹೊದೆಯುವ ಕೌದಿ ಹೊಲಿಯುತ್ತಿದ್ದರು. ಮಗ ಪಿಯುಸಿ ಮುಗಿಸಿ ಹುಬ್ಬಳ್ಳಿಯಲ್ಲಿ ವಾಹನಗಳ ವೈರಿಂಗ್ ಕಲಿತು ಬಂದಿದ್ದ. ಕೆಲವೇ ವರ್ಷಗಳಲ್ಲಿ ಸವದತ್ತಿಯ ಗುಡ್ಡಕ್ಕೆ ಭಕ್ತರನ್ನು ಒಯ್ಯುವ ಚಾಲಕರೆಲ್ಲ ಅವನ ಗಿರಾಕಿಗಳಾದರು. ಅವರಲ್ಲೊಂದು ಪಂದ್ಯ ಹುಟ್ಟಿಕೊಂಡಿತು. ಅಪರಿಚಿತರ ಮುಂದೆ ಬಾನೆಟ್ ತೆರೆದು, ಪರಶುನ ತಂತಿಯನ್ನು ತೋರಿಸಿದವನಿಗೆ ಚಹಾ ಎನ್ನುತ್ತಿದ್ದರು. ಚಹಾ ಗೆದ್ದವರು ಕಡಿಮೆ. ಪರಶುವಿಗೆ ಅದರ ಹೆಮ್ಮೆ ಇತ್ತು. ಇರಬಾರದೆಂದು ನಾನೂ ಹೇಳಲಿಲ್ಲ.

ಎರಡು ವರ್ಷಗಳ ಹಿಂದಿನ ಬೇಸಗೆಯಲ್ಲಿ ರಾಮದುರ್ಗದ ನಿಜಗುಣಪ್ಪನವರ ಜೀಪು ಗುಡ್ಡ ಏರುವಾಗ ಬಾನೆಟ್ಟಿನಿಂದ ಹೊಗೆ ಬಂತು. ನಿಜಗುಣಪ್ಪನವರು ಐವತ್ತು ದಾಟಿದ, ನಿಧಾನದ ಚಾಲಕರು. ಒಳಗೆ ಒಂಬತ್ತು ಜನರಿದ್ದರು. ಎಲ್ಲರನ್ನೂ ಇಳಿಸಿ, ಬ್ಯಾಟರಿಯ ತಂತಿಯನ್ನು ಬಿಚ್ಚಿ, ಮಣ್ಣು ಸುರಿದು ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ದಾರಿಯಲ್ಲಿ ಸಿಕ್ಕ ಮೆಕ್ಯಾನಿಕನೊಬ್ಬ ಮೇಲೆ ಮೇಲೆ ನೋಡಿ, ಎಂಜಿನ್ನಿನ ಕಾವಿಗೆ ಯಾವುದೋ ವೈರು ಸುಟ್ಟಿದೆ ಎಂದ. ಹಾಡಿನ ಸೆಟ್ಟು ನಿಂತುಹೋದದ್ದರಿಂದ ಅವರು ಜೀಪನ್ನು ಪರಶುವಿನ ಬಳಿ ತಂದರು. "ನಿಂದೇನೂ ತಪ್ಪಿಲ್ಲ ಬಿಡೋ. ನಿನ್ನ ವೈರ್ ನಮಗ ಕಾಣಂಗಿಲ್ಲ, ಬೆಂಕಿಗೆ ಎಲ್ಲಿ ಕಾಣಬೇಕು" ಎಂದು ಬೆನ್ನು ತಟ್ಟಿ ಹೋದರು.

ಪರಶು ಕಪ್ಪು ಕೊಳವೆಯನ್ನು ಸೀಳಿ ನೋಡಿದ. ಸುಟ್ಟದ್ದು ಅವನದೇ ತಂತಿ.

ಅದು ಅಂಗಡಿ ತೆರೆದ ಮೊದಲ ಎರಡು ವರ್ಷಗಳ ಕೆಲಸ. ಇಂಥ ತಂತಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ತಂತಿ ಎಲ್ಲಿಯಾದರೂ ತಗಡಿಗೆ ತಾಗಿದರೆ ಫ್ಯೂಸ್ ತಾನು ಸುಟ್ಟು ಗಾಡಿಯನ್ನು ಉಳಿಸುತ್ತದೆ. ಆದರೆ ಫ್ಯೂಸಿನ ಡಬ್ಬಿ ಬ್ಯಾಟರಿಯ ಪಕ್ಕದಲ್ಲಿದ್ದರೆ ಎದ್ದು ಕಾಣುತ್ತದೆ. ಬಾನೆಟ್ಟಿನ ಚಂದ ಕೆಡಬಾರದೆಂದು ಆಗ ಅವನು ಅದನ್ನು ಒಳಗೆ, ಕಾಲಿಡುವ ಜಾಗದ ಮೇಲೆ ಅಡಗಿಸುತ್ತಿದ್ದ. ತಗಡಿನ ತೂತಿಗೆ ರಬ್ಬರಿನ ಬಳೆಯನ್ನೂ ಹಾಕುತ್ತಿರಲಿಲ್ಲ; ಬಳೆ ಹಾಕಿದರೆ ಅದು ಉಬ್ಬಿ ಕಾಣುತ್ತಿತ್ತು. ಐದಾರು ವರ್ಷ ತಗಡಿನ ಅಂಚು ತಂತಿಯ ಮೈಯನ್ನು ತಿಕ್ಕುತ್ತಲೇ ಇತ್ತು. ಒಳಗಿನ ಫ್ಯೂಸಿಗೆ ಅದರ ಸುದ್ದಿಯೇ ಮುಟ್ಟುವಂತಿರಲಿಲ್ಲ. ಮುಂದೆ ಅವನು ಮತ್ತೊಮ್ಮೆ ಹುಬ್ಬಳ್ಳಿಗೆ ಹೋದಾಗ ಸರಿಯಾದ ಕ್ರಮವನ್ನು ಕಲಿತು, ಹೊಸ ಗಾಡಿಗಳಿಗೆಲ್ಲ ಹಾಗೆಯೇ ಮಾಡತೊಡಗಿದ್ದ. ಹಳೆಯ ಗಾಡಿಗಳ ನೆನಪು ಅವನಿಗೆ ಆಗಲಿಲ್ಲ. ಅವು ಚೆನ್ನಾಗಿ ಹಾಡುತ್ತಿದ್ದವು, ಯಾರೂ ದೂರಲಿಲ್ಲ.

ಆ ಜೀಪನ್ನು ಸರಿಪಡಿಸಿ ಮರುದಿನ ಕೊಟ್ಟ. ಕೊಡುವಾಗ ನಿಜಗುಣಪ್ಪನವರಿಗೆ ಏನನ್ನೂ ಹೇಳಲಿಲ್ಲ. ಮೂರು ದಿನ ಹಾಗೆಯೇ ಇದ್ದ. ಹೇಳಿದರೆ ಅಂಗಡಿಯ ಹೆಸರು ಮಣ್ಣಾಗುತ್ತದೆ. ಹೇಳದಿದ್ದರೆ ಅಂಥ ಇನ್ನಿಪ್ಪತ್ತೆರಡು ಗಾಡಿಗಳು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರಸ್ತೆಗಳಲ್ಲಿ ಜನರನ್ನು ತುಂಬಿಕೊಂಡು ಓಡುತ್ತಿವೆ. ನಾಲ್ಕನೆಯ ದಿನ ತಟ್ಟೆಯ ಮುಂದೆ ಉಣ್ಣದೆ ಕುಳಿತ ಮಗನನ್ನು ಕೃಷ್ಣವ್ವ ಬಿಡಲಿಲ್ಲ. ಅವನು ಎಲ್ಲವನ್ನೂ ಹೇಳಿದ.

"ಪರ್ಶ್ಯಾ, ಕೌದ್ಯಾಗ ಸೂಜಿ ಉಳದೈತಿ ಅಂತ ಗೊತ್ತಾದ ಮ್ಯಾಲ, ಅದರ ಮ್ಯಾಲ ಮಂದಿ ಮಲಗಲಿ ಅಂತ ಬಿಡಾಕ ಬರತೈತೇನು?" ಎಂದರಂತೆ.

ಒಮ್ಮೆ ಸಂಗೊಳ್ಳಿಯ ಬಾಣಂತಿಯೊಬ್ಬಳಿಗೆ ಕೌದಿ ಕೊಟ್ಟು ಬಂದ ಮೇಲೆ ಅವರ ಒಂದು ಸೂಜಿ ಕಡಿಮೆ ಬಂದಿತ್ತು. ತಿರುಗಿ ಹೋಗಿ, ಆ ಮನೆಯ ಕಟ್ಟೆಯ ಮೇಲೆ ಕುಳಿತು ಅರ್ಧ ಕೌದಿಯನ್ನು ಬಿಚ್ಚಿದ್ದರು. ಸೂಜಿ ಅದರಲ್ಲಿರಲಿಲ್ಲ, ಅವರದೇ ಸೆರಗಿನ ಅಂಚಿನಲ್ಲಿತ್ತು. ಸಂಗೊಳ್ಳಿಯವರು ನಕ್ಕರು, ಆಕೆ ಮತ್ತೆ ಹೊಲಿದುಕೊಟ್ಟು ಬಂದರು.

ಆ ಇಪ್ಪತ್ಮೂರರಲ್ಲಿ ನನ್ನ ಕಾರೂ ಒಂದು. ರವಿವಾರ ಬೆಳಿಗ್ಗೆ ಪರಶು ಉಪಕರಣಗಳ ಚೀಲದೊಂದಿಗೆ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಾ ಎಂದರೆ ಬರಲಿಲ್ಲ. "ಮೊದಲ ಬಾನೆಟ್ ತಗೀರಿ ಸರ. ನಾ ಒಂದು ತಪ್ಪು ಮಾಡೇನಿ" ಎಂದ. ತಂತಿಯನ್ನು ಹೊರಗೆಳೆದು ತೋರಿಸಿದ. ಕೆಂಪು ಮೈಯ ಮೇಲೆ ಒಂದು ಗಾಯ. ಇನ್ನು ಕೂದಲೆಳೆಯಷ್ಟು ತಿಕ್ಕಿದ್ದರೆ ತಾಮ್ರ ಕಾಣುತ್ತಿತ್ತು. ಆ ಕ್ಷಣ ನನಗೆ ಸಿಟ್ಟು ಬಂದದ್ದನ್ನು ಮರೆಮಾಚಲಾರೆ. ಆ ಸೀಟಿನಲ್ಲಿ ರಾಧಾಬಾಯಿ ಕೂಡುತ್ತಿದ್ದಳು. ಅವನು ತಲೆ ತಗ್ಗಿಸಿ ಕೆಲಸ ಮಾಡಿದ. ಅವನು ಹೇಳಿದ್ದೇನೆಂದು ಅವಳು ಕೇಳಿದಾಗ ನಾನು ದೊಡ್ಡ ದನಿಯಲ್ಲಿ ತಿಳಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಇನ್ನ ಮುಂದ ಹಾಡು ಬರ್ತಾವೋ ಇಲ್ಲೋ, ಅದನ್ನ ಹೇಳಪಾ" ಎಂದಳು.

"ಬರ್ತಾವ್ರಿ ಬಾಯಾರ" ಎಂದ ಪರಶು. ಆಮೇಲೆಯೇ ಅವನು ಚಹಾ ಕುಡಿದದ್ದು.

ಫೋನ್ ನಂಬರು ಇದ್ದ ಹಳೆಯ ಗಿರಾಕಿಗಳಿಗೆಲ್ಲ ಕಳಿಸಲು ನಾಲ್ಕು ಸಾಲು ಬರೆದುಕೊಡಿ ಎಂದು ಕೇಳಿದ. ನಾನು ಬರೆದೆ: ತಾಂತ್ರಿಕ ಕಾರಣಗಳಿಂದಾಗಿ ಕೆಲವು ವಾಹನಗಳ ವೈರಿಂಗಿನಲ್ಲಿ ದೋಷ ಕಂಡುಬರುವ ಸಾಧ್ಯತೆ ಇರುವುದರಿಂದ, ಗ್ರಾಹಕರು ದಯವಿಟ್ಟು ಸಹಕರಿಸಬೇಕಾಗಿ ವಿನಂತಿ. ಅವನು ಎರಡು ಸಲ ಓದಿದ.

"ಛಲೋ ಐತ್ರಿ ಸರ. ಆದರ ಇದರಾಗ ನಾ ಎಲ್ಲೂ ಇಲ್ಲಲ್ರಿ."

ಮೂವತ್ತಾರು ವರ್ಷ ಮಕ್ಕಳ ಪ್ರಬಂಧಗಳನ್ನು ತಿದ್ದಿದವನು ನಾನು. ಅಂದು ನನ್ನದನ್ನು ಹೊಡೆದುಹಾಕಿದೆ. ಕೊನೆಗೆ ಹೋದದ್ದು ಇಷ್ಟೇ: ನಿಮ್ಮ ಗಾಡಿಗೆ ವೈರ್ ಹಾಕುವಾಗ ನಾನು ತಪ್ಪು ಮಾಡಿದ್ದೇನೆ. ಅದರಿಂದ ಬೆಂಕಿ ಹತ್ತಬಹುದು. ನಾನು ಬರುವ ತನಕ ಸೆಟ್ಟು ಹಚ್ಚಬೇಡಿರಿ, ಬ್ಯಾಟರಿಯಿಂದ ಕೆಂಪು ವೈರನ್ನು ಬಿಚ್ಚಿಸಿಡಿರಿ. ಪರಶು.

ನಿಜಗುಣಪ್ಪನವರಿಗೆ ಮಾತ್ರ ಅದನ್ನು ಕಳಿಸದೆ, ತಾನೇ ರಾಮದುರ್ಗಕ್ಕೆ ಹೋಗಿ ಎದುರು ನಿಂತು ಹೇಳಿದ. ಅವರು ಕೂಗಾಡಲಿಲ್ಲ. "ಒಂಬತ್ತು ಮಂದಿ ಇದ್ರು ಗಾಡ್ಯಾಗ. ತಪ್ಪು ಯಾರ ಕೈಲೂ ಆಗತೈತಿ, ಅದಕ್ಕ ನಾ ಏನೂ ಅನ್ನಂಗಿಲ್ಲ. ಆದರ ಗಾಡಿ ಕೊಡೂವಾಗ ನನ್ನ ಮಾರಿ ನೋಡಿ ಸುಮ್ಮನಿದ್ಯಲ್ಲ. ಅದನ್ನ ಹೆಂಗ ಮರೀಲಿ?" ಎಂದರು. ಅದೇ ವಾರ ಸೆಟ್ಟನ್ನೂ ತಂತಿಯನ್ನೂ ಬೇರೆಯವರಿಂದ ಕೀಳಿಸಿಹಾಕಿದರು.

ಸವದತ್ತಿಯ ಚಾಲಕರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಪರಶುನ ವೈರ್ ಕಾಣುವುದಿಲ್ಲ, ಹೊಗೆ ಮಾತ್ರ ಕಾಣುತ್ತದೆ ಎಂಬುದು ಅಲ್ಲಿಯ ಹೊಸ ಚೇಷ್ಟೆಯಾಯಿತು. ಬೆಳಗಿನಿಂದ ಸಂಜೆಯ ತನಕ ಒಂದು ಗಾಡಿಯೂ ಬಾರದ ದಿನಗಳನ್ನು ನಾನೇ ಅಲ್ಲಿ ಕುಳಿತು ಕಂಡಿದ್ದೇನೆ. ಆ ಬಿಡುವಿನಲ್ಲಿ ಅವನು ಹಳೆಯ ಗಾಡಿಗಳನ್ನು ಹುಡುಕಿದ. ಯಾವ ಗಾಡಿ ಯಾರದು ಎಂದು ಬರೆದಿಟ್ಟಿರಲಿಲ್ಲ. ಆದರೆ ಒಂದೊಂದು ತಂತಿಯನ್ನೂ ಎಲ್ಲಿಂದ ಎಲ್ಲಿಗೆ ಅಡಗಿಸಿದ್ದೆನೆಂಬುದು ಅವನಿಗೆ ನೆನಪಿತ್ತು. ಅದರಿಂದ ಗಾಡಿ, ಗಾಡಿಯಿಂದ ಮನುಷ್ಯ. ಕಿತ್ತೂರಿನಲ್ಲಿ ಹೆದ್ದಾರಿಯ ಬದಿಗೆ ಖಾನಾವಳಿ ನಡೆಸುವ ಬಾಳು ಎಂಬವರು, ಚೆನ್ನಾಗಿರುವ ಗಾಡಿಯನ್ನು ಕೆಡಿಸಲು ಬಂದಿದ್ದಾನೆಂದು ಎರಡು ಸಲ ಅಟ್ಟಿದರು. ಮೂರನೆಯ ಸಲ ಅವರ ಹೆಂಡತಿಯೇ ಕೀಲಿಕೈ ತಂದುಕೊಟ್ಟಳು. ಅದರ ತಂತಿಯ ಮೈ ಸವೆದು ತಾಮ್ರ ಹೊರಗೆ ಕಾಣುತ್ತಿತ್ತು. ಬಾಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಪರಶುವನ್ನು ಊಟಕ್ಕೆ ಕೂಡಿಸಿದರು.

ಕೊನೆಯದು ಮೂರು ಕೈ ಬದಲಾಗಿ ತೊರಗಲ್ ಸೇರಿತ್ತು. ಅಲ್ಲಿಗೆ ನಾನೂ ಜೊತೆಗೆ ಹೋದೆ. ಕೋಟೆಯ ಗುಡ್ಡದ ಕೆಳಗೆ ಯಶೋಧಾ ಎಂಬವರ ಹಿತ್ತಿಲಿನಲ್ಲಿ ಆ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕುಳಿತಿತ್ತು. ಬ್ಯಾಟರಿಯನ್ನು ಯಾವಾಗಲೋ ಬಿಚ್ಚಿ ಮಾರಿದ್ದರು. ಪರಶು ಚೀಲ ಬಿಚ್ಚಿದ್ದನ್ನು ಕಂಡು ಯಶೋಧಾ ನಕ್ಕರು.

"ಬ್ಯಾಟರಿನ ಇಲ್ಲದ ಗಾಡಿಗೆ ಫ್ಯೂಸ್ ಯಾಕೋ ತಮ್ಮಾ? ಕೋಳಿಗೇನು ಶಾಕ್ ಹೊಡೀತೈತಿ?"

"ನಾಳೆ ಯಾರರ ತಂದು ಬ್ಯಾಟರಿ ಹಾಕತಾರಲ್ರಿ ಅಕ್ಕಾ" ಎಂದು ಅವನು ಒಂದು ಗಂಟೆ ಕೆಲಸ ಮಾಡಿದ. ಕೋಳಿಯನ್ನು ಎಬ್ಬಿಸಲಿಲ್ಲ.

ಈಗ ಅವನ ಅಂಗಡಿಗೆ ಗಾಡಿಗಳು ಬರುತ್ತವೆ, ಮೊದಲಿನ ಅರ್ಧದಷ್ಟು. ತಂತಿಯನ್ನು ಈಗಲೂ ಅಷ್ಟೇ ಅಂದವಾಗಿ ಮಲಗಿಸುತ್ತಾನೆ. ಆದರೆ ಫ್ಯೂಸಿನ ಡಬ್ಬಿ ಬ್ಯಾಟರಿಯ ಮಗ್ಗುಲಲ್ಲಿ ಎಲ್ಲರಿಗೂ ಕಾಣುವಂತಿರುತ್ತದೆ. ಗಾಡಿಯ ಧಣಿ ತನ್ನ ಕೈಯಿಂದಲೇ ಫ್ಯೂಸನ್ನು ಒಮ್ಮೆ ತೆಗೆದು ಮತ್ತೆ ಹಾಕಿ ತೋರಿಸುವ ತನಕ ಕೀಲಿಕೈ ಕೊಡುವುದಿಲ್ಲ. ಇದೇನು ಪರೀಕ್ಷೆಯೇ ಎಂದು ಕೆಲವರು ಗೊಣಗುತ್ತಾರೆ.

ಮಂಗಳವಾರ, ಶುಕ್ರವಾರ ಅಂಗಡಿ ಮುಚ್ಚಿರುತ್ತದೆ. ಆ ದಿನಗಳಲ್ಲಿ ಸವದತ್ತಿಯ ಗುಡ್ಡದಲ್ಲಿ ಭಕ್ತರ ಗಾಡಿಗಳು ನಿಲ್ಲುವ ಬಯಲಿಗೆ ಚೀಲ ತೆಗೆದುಕೊಂಡು ಹೋಗುತ್ತಾನೆ. ಯಾರೇ ಹಾಕಿದ ತಂತಿಯಾಗಲಿ, ತಂತಿಯ ಮೈ, ತೂತಿನ ಬಳೆ, ಫ್ಯೂಸಿನ ಜಾಗ ನೋಡಿ ಕೊಡುತ್ತಾನೆ. ಮೊದಲು ಚೇಷ್ಟೆ ಮಾಡಿದ ಚಾಲಕರು ಈಗ ತಾವೇ ಬಾನೆಟ್ ಎತ್ತಿ ಕಾಯುತ್ತಾರೆ. ನಿಜಗುಣಪ್ಪನವರ ಜೀಪೂ ಅಲ್ಲೇ ನಿಲ್ಲುತ್ತದೆ. ಒಂದೂವರೆ ವರ್ಷ ಅದರ ಬಾನೆಟ್ ಮುಚ್ಚಿಯೇ ಇತ್ತು; ಇವನೂ ಅದರ ಹತ್ತಿರ ಹೋದವನಲ್ಲ.

ಹೋದ ಶುಕ್ರವಾರ ರಾಧಾಬಾಯಿಯನ್ನು ಕರೆದುಕೊಂಡು ನಾನು ಅಲ್ಲಿಗೆ ಹೋಗಿದ್ದೆ. ಸಾಲಿನಲ್ಲಿ ಆ ಜೀಪಿನ ಬಾನೆಟ್ ತೆರೆದಿತ್ತು. ನಿಜಗುಣಪ್ಪನವರು ದೂರದ ಚಹಾದಂಗಡಿಯ ಬಳಿ ಇತ್ತ ಬೆನ್ನು ಮಾಡಿ ನಿಂತಿದ್ದರು. ಪರಶು ಬಗ್ಗಿ ನೋಡಿದ. ಸೆಟ್ಟಿಲ್ಲ, ತಂತಿಯಿಲ್ಲ, ತಂತಿ ಹಾಯ್ದಿದ್ದ ತೂತು ಮಾತ್ರ ಬರಿದಾಗಿ ಉಳಿದಿತ್ತು. ಚೀಲದಿಂದ ಒಂದು ರಬ್ಬರಿನ ಮುಚ್ಚಳ ಆರಿಸಿ, ಅದಕ್ಕೆ ಒತ್ತಿ ಕೂಡಿಸಿ, ಬಟ್ಟೆಯಿಂದ ಸುತ್ತ ಒರೆಸಿದ. ಬಾನೆಟ್ಟನ್ನು ಸದ್ದಾಗದಂತೆ ಇಳಿಸಿ, ಪಕ್ಕದ ಗಾಡಿಗೆ ಹೋದ.