ಮಗಳು ಓಡಿದ ಊರು

ಹೊಸಪೇಟೆಯಲ್ಲಿ ಸಂಜೆ ರೈಲು ಹತ್ತಿ, ಬೆಂಗಳೂರಿನಲ್ಲಿ ಬೆಳಿಗ್ಗೆ ಇನ್ನೊಂದು ರೈಲಿಗೆ ಬದಲಾಯಿಸಿ, ಮೈಸೂರು ನಿಲ್ದಾಣದಲ್ಲಿ ಇಳಿದಾಗ ಗಂಟೆ ಹತ್ತೂವರೆ. ಮೇ ತಿಂಗಳ ಕೊನೆಯ ವಾರ. ನಮ್ಮ ಕಡೆ ಆ ಹೊತ್ತಿಗೆ ಕಬ್ಬಿಣದ ಚಿಲಕ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಇಲ್ಲಿ ಪ್ಲಾಟ್‌ಫಾರಂ ಮೇಲೆ ತಣ್ಣನೆಯ ಗಾಳಿ ಬೀಸುತ್ತಿತ್ತು. ಇಳಿದ ಗಳಿಗೆಯಲ್ಲೇ ನನಗೆ ಈ ಊರಿನ ಮೇಲೆ ಸಿಟ್ಟು ಬಂತು.

ನಾನು ಬಂದದ್ದು ಊರು ನೋಡುವುದಕ್ಕಲ್ಲ. ಬೇಸಿಗೆ ರಜಕ್ಕೆಂದು ತಂಗಿ ವಸಂತಳ ಮನೆಯಲ್ಲಿ ಬಿಟ್ಟಿದ್ದ ಮಗಳು ನೇತ್ರಾಳನ್ನು ಕರೆದುಕೊಂಡು ಹೋಗಲು. ನಮ್ಮೂರು ಸಂಡೂರು ಕಡೆಯ ರಸ್ತೆಯ ಪಕ್ಕದ ಹಳ್ಳಿ. ಆ ವರ್ಷಗಳಲ್ಲಿ ಅದಿರಿನ ಲಾರಿಗಳು ಹಗಲಿಡೀ ನಮ್ಮ ಬಾಗಿಲ ಮುಂದೆ ಸಾಲುಗಟ್ಟಿ ಓಡುತ್ತಿದ್ದವು. ಒಗೆದು ಹಾಕಿದ ಬಿಳಿ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ನನ್ನ ಗಂಡ ಅದೇ ರಸ್ತೆಯಲ್ಲಿ ಲಾರಿ ಟೈರುಗಳ ಪಂಕ್ಚರ್ ಅಂಗಡಿ ಇಟ್ಟಿದ್ದರು. ನಾನು ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಆ ಧೂಳನ್ನು ಬೈಯುವಂತೆಯೂ ಇರಲಿಲ್ಲ, ನಮ್ಮ ಅರ್ಧ ಅನ್ನ ಅದರಿಂದಲೇ ಬರುತ್ತಿತ್ತು. ನೇತ್ರಾಗೆ ಒಂಬತ್ತು ವರ್ಷ. ಐದನೆಯ ವಯಸ್ಸಿನಿಂದ ಉಬ್ಬಸ. ಹತ್ತು ಮಾರು ಓಡಿದರೆ ಎದೆಯೊಳಗೆ ಸೀಟಿ ಊದಿದಂತಾಗುತ್ತಿತ್ತು. ಶಾಲೆಯಲ್ಲಿ ಆಟದ ಪಿರಿಯಡ್ ಬಂದರೆ ಅವಳನ್ನು ನನ್ನ ಕುರ್ಚಿಯ ಪಕ್ಕ ಕೂರಿಸಿಕೊಳ್ಳುತ್ತಿದ್ದೆ.

"ಅಮ್ಮ, ಬಂದ್ಬುಟ್ಯಾ!"

ಜನರ ನಡುವಿನಿಂದ ಬಂದ ಆ ಕೂಗು ಯಾರದೋ ಮಗುವಿನದು ಅಂದುಕೊಂಡೆ. ಎರಡು ತಿಂಗಳ ಹಿಂದೆ ನನ್ನನ್ನು 'ಯವ್ವಾ' ಎನ್ನುತ್ತಿದ್ದವಳು ನೇತ್ರಾ. ಬಂದು ಸೊಂಟ ತಬ್ಬಿಕೊಂಡಳು, ಕೈಚೀಲ ಕಿತ್ತುಕೊಂಡಳು, ಮೇಲುಸೇತುವೆಯ ಮೆಟ್ಟಿಲುಗಳನ್ನು ದಡದಡನೆ ಹತ್ತಿದಳು.

"ಓಡಬ್ಯಾಡ! ನೇತ್ರಾ, ಓಡಬ್ಯಾಡವ್ವ!" ಎಂದು ನಾನು ಕಿರುಚಿದೆ. ಸುತ್ತಲಿನವರು ತಿರುಗಿ ನೋಡಿದರು.

"ಬುಡಕ್ಕ, ಏನೂ ಆಗಲ್ಲ ಅವಳಿಗೆ," ಅಂದಳು ಅವಳ ಹಿಂದೆಯೇ ಬಂದ ವಸಂತ, ನನ್ನ ಇನ್ನೊಂದು ಚೀಲ ಎತ್ತಿಕೊಳ್ಳುತ್ತ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅವಳ ಮಾತೂ ಇಲ್ಲಿಯದೇ ಆಗಿತ್ತು. ನೇತ್ರಾ ಮೇಲೆ ನಿಂತು ನಗುತ್ತಿದ್ದಳು. ಎದೆ ಏರಿಳಿಯುತ್ತಿತ್ತು, ಆದರೆ ಸೀಟಿಯ ಸದ್ದಿರಲಿಲ್ಲ. ನನಗೆ ಸಂತೋಷವಾಗಬೇಕಿತ್ತು. ಆದದ್ದು ಬೇರೆಯೇ. ನಾಲ್ಕು ವರ್ಷ ಮಾತ್ರೆ, ಕಷಾಯ, ಹೊಸಪೇಟೆ ಡಾಕ್ಟರು, ಬಳ್ಳಾರಿ ಡಾಕ್ಟರು ಎಂದು ನಾನು ಅಲೆದು ಮಾಡಲಾಗದ್ದನ್ನು ಈ ತಂಗಿ ಎರಡು ತಿಂಗಳಲ್ಲಿ ಮಾಡಿಬಿಟ್ಟಿದ್ದಳಲ್ಲ ಅನ್ನಿಸಿತು.

ವಸಂತಳ ಮನೆ ದಟ್ಟಗಳ್ಳಿಯಲ್ಲಿ. ಅವಳ ಗಂಡ ಮಗನನ್ನು ಕರೆದುಕೊಂಡು ತನ್ನ ಊರಿಗೆ ಹೋಗಿದ್ದ. ಆಗಿನ್ನೂ ಹೊಸ ಬಡಾವಣೆ. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆದರೂ ಎರಡು ರಸ್ತೆಗೊಂದು ಪಾರ್ಕಿಗೆ ಜಾಗ ಬಿಟ್ಟಿದ್ದರು. ಸಂಜೆ ಹಗುರವಾಗಿ ಒಂದು ಮಳೆ ಹೊಯ್ದು ನಿಂತ ಮೇಲೆ ಮೂವರೂ ಲಿಂಗಾಂಬುಧಿ ಕೆರೆಗೆ ನಡೆದು ಹೋದೆವು. ಏರಿಯ ಮೇಲೆ ಜನ ಸುಮ್ಮನೆ ನಡೆಯುತ್ತಿದ್ದರು. ಯಾರ ಕೈಯಲ್ಲೂ ಕೊಡವಿರಲಿಲ್ಲ, ತಲೆಯ ಮೇಲೆ ಹೊರೆಯಿರಲಿಲ್ಲ. ನಡೆಯುವುದಕ್ಕೆಂದೇ ಮನೆಯಿಂದ ಹೊರಟ ಅಷ್ಟು ಹೆಂಗಸರನ್ನು ನಾನು ಒಟ್ಟಿಗೆ ಕಂಡಿರಲಿಲ್ಲ. ನಮ್ಮ ಊರಲ್ಲಿ ಸಂಜೆ ಮನೆಯ ಹೊರಗೆ ಕೂತರೆ ಸೆರಗನ್ನು ಮೂಗಿಗೆ ಹಿಡಿದು ಕೂರಬೇಕು. ನೇತ್ರಾ ನನಗೆ ಕೆರೆಯ ಹಕ್ಕಿಗಳನ್ನು ತೋರಿಸುತ್ತ ಹೋದಳು, ಅವಳೇ ಟೀಚರು, ನಾನು ಮೊದಲನೆಯ ತರಗತಿ ಎಂಬಂತೆ.

"ಇದೆಲ್ಲ ಯಾರು ಹೇಳಿಕೊಟ್ಟರು?" ಅಂದೆ.

"ಫಿಲೋಮಿನಾ ಅಜ್ಜಿ. ನಾಳೆ ಬೆಳಿಗ್ಗೆ ನಿಂಗೂ ಸಿಗ್ತಾರೆ."

ಹೊಟ್ಟೆಕಿಚ್ಚುಪಡಲು ನನಗೆ ಇನ್ನೊಬ್ಬರು ಸಿಕ್ಕರು.

ಮರುದಿನ ಆರು ಗಂಟೆಗೆ ಪಕ್ಕದ ಮನೆಯ ಫಿಲೋಮಿನಾ ಗೇಟಿನ ಹತ್ತಿರ ನಿಂತಿದ್ದರು. ಅರವತ್ತು ದಾಟಿದ ತೆಳ್ಳನೆಯ ಹೆಂಗಸು. ಹತ್ತಿಯ ಸೀರೆ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ, ಕತ್ತಿನಲ್ಲಿ ಸಣ್ಣ ಶಿಲುಬೆ. ನರ್ಸಾಗಿದ್ದು ನಿವೃತ್ತರಾದವರು. ಸಿಟಿ ಬಸ್ಸಿನಲ್ಲಿ ಕುಕ್ಕರಹಳ್ಳಿ ಕೆರೆಗೆ ಹೋದೆವು. ಒಂದು ಸುತ್ತು ಬಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಎಂದಳು ವಸಂತ. ಮಣ್ಣಿನ ದಾರಿಯ ಎರಡೂ ಕಡೆ ಮರ, ನೀರಿನ ನಡುವಿನ ನಡುಗಡ್ಡೆಯಲ್ಲಿ ಹೆಜ್ಜಾರ್ಲೆಗಳು, ದೊಡ್ಡ ಚೀಲದಂಥ ಕೊಕ್ಕು ಎದೆಗೆ ಒತ್ತಿಕೊಂಡು ಕೂತಿದ್ದವು. ಫಿಲೋಮಿನಾ ಜೋರಾಗಿಯೂ ನಡೆಯುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ನೇತ್ರಾ ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದಳು.

"ಮೊದಲ ವಾರ ಮೂರು ಬೆಂಚು ದೂರ ನಡೆದ್ಲು ಅಷ್ಟೇ," ಅಂದರು ಫಿಲೋಮಿನಾ. "ಆಮೇಲೆ ದಿನಕ್ಕೊಂದು ಬೆಂಚು ಜಾಸ್ತಿ. ಮೂಗಲ್ಲಿ ಎಳ್ಕೊ, ನಿಧಾನವಾಗಿ ಬಿಡು, ಅಂತ. ಔಷಧಿ ನಾನೇನೂ ನಿಲ್ಲಿಸಿಲ್ಲ ಟೀಚರ್, ಗಾಬರಿ ಆಗ್ಬೇಡಿ."

ನಾನು ಗಾಬರಿಯಾಗಿರಲಿಲ್ಲ. ಆ ಬೆಂಚುಗಳನ್ನು ಎಣಿಸುತ್ತಿದ್ದೆ. ಒಂದೊಂದು ಬೆಂಚೂ ನಾನು ಅವಳ ಜೊತೆ ಇಲ್ಲದ ಒಂದೊಂದು ದಿನ. ಇಪ್ಪತ್ತಾಗುತ್ತಲೇ ಎಣಿಸುವುದನ್ನು ಬಿಟ್ಟೆ.

ಆ ಮಧ್ಯಾಹ್ನ ಟಿಕೆಟ್ ತೆಗೆದು ಕಾರಂಜಿ ಕೆರೆಗೂ ಹೋದೆವು. ನವಿಲು ನಮ್ಮ ಕಾಲ ಬಳಿಯೇ ಬಂತು. ನೇತ್ರಾ ಚುರುಮುರಿ ತಿನ್ನುತ್ತ, ಹೋದ ಸಲ ಬಂದಾಗ ಚಿಕ್ಕಮ್ಮ ಏನು ಮಾಡಿದಳು, ಅದರ ಹಿಂದಿನ ಸಲ ಅಜ್ಜಿ ಏನು ಹೇಳಿದರು ಎಂದು ವರದಿ ಒಪ್ಪಿಸುತ್ತಿದ್ದಳು. ನಾನು ಈ ಊರಿನಲ್ಲಿ ತಪ್ಪು ಹುಡುಕತೊಡಗಿದ್ದೆ. ಕೆರೆಯ ಒಂದು ಮೂಲೆಯಲ್ಲಿ ಪಾಚಿ ವಾಸನೆ ಇದೆ ಅಂದೆ. ಚುರುಮುರಿಗೆ ಖಾರ ಸಾಲದು ಅಂದೆ. ಸೊಳ್ಳೆ ಅಂದೆ. ವಸಂತ ಎಲ್ಲಕ್ಕೂ "ಹೂಂ ಕಣಕ್ಕ" ಎಂದಳು. ಅದನ್ನೂ ನನಗೆ ಸಹಿಸಲಾಗಲಿಲ್ಲ.

ಮೂರನೆಯ ದಿನ ಚಾಮುಂಡಿ ಬೆಟ್ಟ. ಬಸ್ಸಿನಲ್ಲಿ ಹೋಗೋಣ ಎಂದು ನಾನು, ಮೆಟ್ಟಿಲು ಹತ್ತೋಣ ಎಂದು ನೇತ್ರಾ. ಅವಳೇ ಗೆದ್ದಳು. ಮುನ್ನೂರು ಮೆಟ್ಟಿಲು ಹತ್ತುವಷ್ಟರಲ್ಲಿ ನಾನು ಕೂತುಬಿಟ್ಟೆ. ಯಾರೋ ಹರಕೆಯವರು ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ನನ್ನನ್ನು ದಾಟಿ ಹೋದರು. ಮೇಲೆ ನನ್ನ ಮಗಳು ಚಿಕ್ಕಮ್ಮನ ಕೈ ಹಿಡಿದು ಹತ್ತುತ್ತಲೇ ಇದ್ದಳು. ಒಮ್ಮೆ ತಿರುಗಿ, "ಅಮ್ಮ, ನೀನು ಮೂಗಲ್ಲಿ ಉಸಿರು ಎಳ್ಕೊ!" ಎಂದು ಕೂಗಿದಳು. ಬೆನ್ನಿಂದ ನೋಡಿದರೆ ಅವರಿಬ್ಬರೂ ತಾಯಿ ಮಗಳೇ. ಒಂದೇ ಬಗೆಯ ಭುಜ, ಒಂದೇ ಬಗೆಯ ನಡಿಗೆ. ನಾನು ಯಾರೋ ದಾರಿಯಲ್ಲಿ ಸುಸ್ತಾಗಿ ಕೂತ ಹೆಂಗಸು.

ನಂದಿಯ ಹತ್ತಿರ ಅವರನ್ನು ಸೇರಿದೆ. ಕೆಳಗೆ ಇಡೀ ಮೈಸೂರು ಹರಡಿತ್ತು. ಮನೆಗಳ ನಡುವೆ ಅಷ್ಟು ಹಸಿರು. ವಸಂತ ನೀರಿನ ಬಾಟಲಿ ಕೊಟ್ಟು ಪಕ್ಕ ಕೂತಳು. ನೇತ್ರಾ ನಂದಿಯ ಸುತ್ತ ಹೋಗಿದ್ದಳು.

"ಅಕ್ಕ, ಒಂದು ಮಾತು. ಭಾವನ ಹತ್ರಾನೂ ಫೋನಲ್ಲಿ ಹೇಳ್ದೆ. ಈ ವರ್ಷ ಇವಳನ್ನ ಇಲ್ಲೇ ಸ್ಕೂಲಿಗೆ ಸೇರಿಸೋಣ. ಮನೆ ಹತ್ರಾನೇ ಇದೆ ಸರ್ಕಾರಿ ಶಾಲೆ."

ನನಗಿಂತ ಮೊದಲು ನನ್ನ ಗಂಡನಿಗೆ ಹೇಳಿದ್ದಳು. ಅಷ್ಟು ಸಾಕಾಯಿತು.

"ನಿನಗ ಮಗ ಅದಾನಲ್ಲ, ಅವನ್ನ ನೋಡ್ಕೋ," ಅಂದೆ. "ಮೊದಲು ಮಾತು ಕಲಿಸಿದಿ, ಆಮೇಲೆ ಅಜ್ಜಿ ಒಬ್ಬಾಕಿನ್ನ ಹಚ್ಚಿದಿ. ಇನ್ನ ತಾಯಿ ಅಂತನೂ ನಿನ್ನನ್ನೇ ಕರೀಬೇಕೇನು? ನಾಳೆ ನಾವು ಹೊಂಟೀವಿ."

ವಸಂತ ನನ್ನನ್ನೇ ನೋಡಿದಳು. ಅವಳ ಕಣ್ಣು ತುಂಬಿತು. "ಅಕ್ಕ, ಮೊದಲ ವಾರ ಒಂದು ದಿನ ಅವಳಿಗೆ ಉಬ್ಬಸ ಜೋರಾಯ್ತು. ನಿನಗೆ ಫೋನ್ ಮಾಡಿದ್ರೆ ನೀನು ಬರೋಕಾಗ್ದೆ ಒದ್ದಾಡ್ತೀಯ ಅಂತ ಮಾಡ್ಲಿಲ್ಲ. ನಾನೆಷ್ಟು ಹೆದರಿದ್ದೆ ಗೊತ್ತಾ? ನಿನ್ನ ಮಗಳು ನನ್ನ ಮನೇಲಿ..." ಅಷ್ಟಕ್ಕೇ ನಿಲ್ಲಿಸಿದಳು. ನೇತ್ರಾ ಬಂದು ನಮ್ಮ ಹಿಂದೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ದೇವಸ್ಥಾನಕ್ಕೆ ಹೋಗದೆ ಅಲ್ಲಿಂದಲೇ ಇಳಿದೆವು.

ಮನೆಗೆ ಬಂದ ಮೇಲೆ ನೇತ್ರಾ ತನ್ನ ಬಟ್ಟೆಗಳನ್ನು ತಾನೇ ಮಡಚಿದಳು. ಅಳುತ್ತಾಳೆ, ಹಟ ಮಾಡುತ್ತಾಳೆ ಎಂದು ನಾನು ಕಾದಿದ್ದೆ. ಅತ್ತಿದ್ದರೆ ಗದರಿಸಿ ಗೆಲ್ಲುತ್ತಿದ್ದೆ. ಅವಳು ಚೀಲದ ಜಿಪ್ಪು ಎಳೆದು ನನ್ನ ಪಕ್ಕ ಬಂದು ಕೂತಳು.

"ಯವ್ವಾ, ಸಿಟ್ಟಾಗಬ್ಯಾಡ. ಊರಾಗ ನಾ ಒಳಗ ಕುಂತು ಓದ್ಕೋತೀನಿ. ಓಡೋದಿಲ್ಲ."

ನನ್ನನ್ನು ಸಮಾಧಾನ ಮಾಡಲು ಅವಳು ನಮ್ಮ ಮಾತನ್ನು ಹುಡುಕಿ ತಂದಿದ್ದಳು. ಮೂರು ದಿನ ಆ ಒಂದು 'ಯವ್ವಾ'ಗಾಗಿ ಕಿವಿ ಚಾಚಿದ್ದೆ. ಬಂದದ್ದು ಹೀಗೆ, ಓಡುವುದನ್ನು ಬಿಟ್ಟುಕೊಟ್ಟು. ನಾನು ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತೆ.

ಹೊರಗೆ ಬಂದು ವಸಂತಳ ಬಳಿ ಹೋದೆ. ಅವಳು ಹುರುಳಿಕಾಯಿ ಬಿಡಿಸುತ್ತ ಕೂತಿದ್ದಳು. ಕ್ಷಮಿಸು ಅನ್ನಲು ನನಗೆ ಬಾಯಿ ಬರಲಿಲ್ಲ. ಎದುರು ಕೂತು ನಾನೂ ಒಂದು ಹಿಡಿ ಕಾಯಿ ಎತ್ತಿಕೊಂಡೆ.

"ಆ ಶಾಲೆಯಾಗ ಹೆಡ್‌ಮಾಸ್ತರ್ ಈಗ ಸಿಗ್ತಾರೇನು?" ಅಂದೆ.

ವಸಂತ ತಲೆ ಎತ್ತಲಿಲ್ಲ. "ನಾಳೆ ಹತ್ತು ಗಂಟೆಗೆ ಬರ್ತಾರೆ ಕಣಕ್ಕ," ಅಂದಳು. ಅವಳ ಮೂಗು ಕೆಂಪಾಗಿತ್ತು.

ಮಾರನೆಯ ದಿನ ಹೋದೆವು. ಅರ್ಜಿ ತುಂಬಿದೆ. ವರ್ಗಾವಣೆ ಪತ್ರ ಬೇಕು ಎಂದರು ಅಲ್ಲಿಯ ಮುಖ್ಯೋಪಾಧ್ಯಾಯರು. ಎರಡು ವಾರದಲ್ಲಿ ಕಳಿಸುತ್ತೇನೆ ಎಂದೆ. ನಮ್ಮ ಶಾಲೆಯಲ್ಲಿ ಟಿ.ಸಿ. ಬರೆಯುವ ಕೆಲಸ ನನ್ನದೇ. ಎಷ್ಟೋ ಮಕ್ಕಳದನ್ನು ಬರೆದಿದ್ದೇನೆ. 'ಶಾಲೆ ಬಿಡಲು ಕಾರಣ' ಎಂಬ ಜಾಗದಲ್ಲಿ ಎಲ್ಲರಿಗೂ ಒಂದೇ ಮಾತು ಬರೆಯುತ್ತಿದ್ದೆ, ಪೋಷಕರ ಕೋರಿಕೆಯ ಮೇರೆಗೆ ಅಂತ. ನನ್ನ ವರ್ಗಾವಣೆಗೂ ಅರ್ಜಿ ಹಾಕುವೆನೆಂದು ವಸಂತಳಿಗೆ ಹೇಳಿದೆ. ಸಿಗುತ್ತದೆಯೋ ಇಲ್ಲವೋ, ಸಿಕ್ಕರೂ ಗಂಡನ ಅಂಗಡಿಯ ಗತಿ ಏನೋ, ನನಗೆ ಗೊತ್ತಿರಲಿಲ್ಲ.

ಅಂದು ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದಾಗ ಫಿಲೋಮಿನಾ ಒಂದು ಡಬ್ಬಿ ತುಂಬ ಮಾವಿನಕಾಯಿ ಉಪ್ಪಿನಕಾಯಿ ತಂದರು, ರೈಲಿಗೆ. "ನಾಳೆಯಿಂದ ನಾನೇನು ಅವಳಿಗೆ ಹಕ್ಕಿ ಹೆಸರು ಹೇಳಿಕೊಡಲ್ಲ ಟೀಚರ್," ಅಂದರು ನಗುತ್ತ. "ಪ್ರತಿ ವಾರ ನಿಮಗೆ ಕಾಗದ ಬರೆಯೋಕೆ ಹೇಳ್ತೀನಿ. ಹೊಸ ಹಕ್ಕಿ ಕಂಡ್ರೆ ಅದರಲ್ಲೇ ಕೇಳ್ತಾಳೆ, ಹೆಸರು ನೀವೇ ಹೇಳಿಕೊಡಿ." ಈ ಹೆಂಗಸು ನನ್ನ ಹೊಟ್ಟೆಕಿಚ್ಚನ್ನು ಮೊದಲ ದಿನವೇ ಓದಿಬಿಟ್ಟಿದ್ದರು ಎಂದು ಆಗ ಗೊತ್ತಾಯಿತು. ನಾಚಿಕೆಯಾಯಿತು. ಕಿಚ್ಚೇನೂ ಆರಲಿಲ್ಲ.

ನಾಲ್ಕು ಗಂಟೆಗೆ ಆಟೋ ಬಂತು. ನೇತ್ರಾ ನಿಲ್ದಾಣಕ್ಕೆ ಬರುವೆನೆಂದಳು; ನಾನೇ ಬೇಡವೆಂದೆ. ಪ್ಲಾಟ್‌ಫಾರಂ ಮೇಲೆ ಅವಳನ್ನು ಬಿಟ್ಟು ಹತ್ತುವ ಧೈರ್ಯ ನನಗಿರಲಿಲ್ಲ. ಬೀದಿಯ ಕೊನೆಯ ಪಾರ್ಕಿನವರೆಗೆ ಆಟೋದಲ್ಲಿ ಜೊತೆಗೆ ಬಂದಳು. ಅಲ್ಲಿ ಮಕ್ಕಳು ಆಗಲೇ ಸೇರಿದ್ದವು. ಇಳಿದು ನನ್ನ ಕೆನ್ನೆಗೆ ಮುತ್ತು ಕೊಟ್ಟಳು, ಕಣ್ಣು ಒರೆಸಿಕೊಂಡಳು, ಗೇಟಿನ ಬಳಿ ನಿಂತು ಕೈ ಬೀಸಿದಳು. ಒಳಗಿನಿಂದ ಯಾರೋ ಅವಳ ಹೆಸರು ಕೂಗಿದರು.

ಆಟೋ ತಿರುವಿನಲ್ಲಿ ನಿಧಾನವಾದಾಗ ಹಿಂದಿನ ಪರದೆ ಎತ್ತಿ ನೋಡಿದೆ. ಒದ್ದೆ ಹುಲ್ಲಿನ ಮೇಲೆ ನನ್ನ ಮಗಳು ಓಡುತ್ತಿದ್ದಳು, ಜಡೆ ಬಿಚ್ಚಿಹೋಗಿತ್ತು, ಬಾಯಿ ತೆರೆದು ನಗುತ್ತಿದ್ದಳು. ಹಸಿರು ಲಂಗದ ಒಬ್ಬ ಹುಡುಗಿ ಅವಳನ್ನು ಅಟ್ಟಿಸಿಕೊಂಡು ಬರುತ್ತಿದ್ದಳು, ಇನ್ನೇನು ಬೆನ್ನು ಮುಟ್ಟುವುದರಲ್ಲಿದ್ದಳು. ಹೆಸರೂ ಗೊತ್ತಿಲ್ಲದ ಆ ಹುಡುಗಿಯ ಕೈಯ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, ಡ್ರೈವರನಿಗೆ ಜೋರಾಗಿ ಹೊಡಿ ಅಂದೆ.