ಬ್ಯಾಂಡಿನ ಹುಡುಗನಿಗೆ ಹೊತ್ತ ಹರಕೆ

ಆಂಜನೇಯನಿಗೆಂದು ವಡೆ ಕರಿಯುವಾಗ ಕಾದ ಎಣ್ಣೆಯಿಂದ ಮೆಣಸಿನ ಘಾಟು ಎದ್ದರೆ ಸಾಕು, ನಾನು ಜಯನಗರದ ನಮ್ಮ ಹಳೆಯ ಅಡುಗೆಮನೆಗೆ ಹೋಗಿಬಿಡುತ್ತೇನೆ. ಕಾಲಿಗೆ ತಂಪಾದ ಕೆಂಪು ನೆಲ, ಒಲೆಯ ಮುಂದೆ ಬೆವರು ಒರೆಸಿಕೊಳ್ಳುವ ಅಜ್ಜಿ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಅದರ ಜಾಗದಲ್ಲೂ ಈಗ ನಾಲ್ಕು ಮಹಡಿ ಎದ್ದಿರಬಹುದು. ನಮ್ಮದೂ ಹಾಗೇ ಆಯಿತು. ಇರಲಿ, ಅಷ್ಟು ವರ್ಷ ಅಲ್ಲಿ ಉಂಡು ಮಲಗಿದೆವಲ್ಲ, ಅದೇ ದೇವರ ದಯೆ.

ತೊಂಬತ್ತರ ದಶಕದ ಮಾತು. ನಾನಾಗ ಹೈಸ್ಕೂಲಿನಲ್ಲಿದ್ದೆ. ಅಪ್ಪನ ತಂಗಿ ವನಜತ್ತೆಗೆ ಇನ್ನೂ ಮದುವೆಯಾಗಿರಲಿಲ್ಲ. ಆಫೀಸೊಂದರಲ್ಲಿ ಟೈಪಿಂಗ್ ಮಾಡುತ್ತಲೇ ಅವಳು ಕಾರು ಓಡಿಸುವುದನ್ನು ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಳು. ಕಲಿಸಿದ ಡ್ರೈವಿಂಗ್ ಸ್ಕೂಲಿನವರೇ, ಹೆಂಗಸರಿಗೆ ಕಲಿಸಲು ನೀವು ಬನ್ನಿ ಎಂದು ಕರೆದಿದ್ದರು. ಅತ್ತೆಗೆ ಹಗಲೂ ರಾತ್ರಿ ಅದೇ ಧ್ಯಾನ. ಅಜ್ಜಿ ಮಾತ್ರ ಒಪ್ಪಲಿಲ್ಲ. "ಮನೇಲಿ ಒಂದು ಸೈಕಲ್ ಇಲ್ಲ, ಇವಳು ಊರಿಗೆಲ್ಲ ಕಾರು ಕಲಿಸ್ತಾಳಂತೆ! ನೋಡೋಕೆ ಬರೋ ಗಂಡಿನ ಕಡೆಯೋರಿಗೆ ಏನಂತ ಹೇಳ್ಲಿ?" "ಅವಳೇ ಕರ್ಕೊಂಡ್ಬಂದು ಅವಳೇ ಬಿಟ್ಬರ್ತಾಳೆ, ನಿಮಗೆ ಆಟೋ ಖರ್ಚಿಲ್ಲ ಅಂತ ಹೇಳು" ಎಂದು ತಾತ ಪೇಪರಿನ ಮರೆಯಿಂದ ಅಂದರೆ ಅಜ್ಜಿ ಇನ್ನಷ್ಟು ಉರಿದುಬೀಳುತ್ತಿದ್ದಳು. ಅಮ್ಮನ ಮಾತು ಮೀರುವವಳಲ್ಲ ಅತ್ತೆ. ಬಾಯಿ ಮುಚ್ಚಿಕೊಂಡು ಆಫೀಸಿಗೆ ಹೋಗಿಬರುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ಟಿ.ವಿ.ಯಲ್ಲಿ ಒಂದು ಸಿನಿಮಾ ಬಂತು. ಹೆಸರು ನೆನಪಿಲ್ಲ. ಅರ್ಚಕರ ಮನೆಯ ಉಬ್ಬುಹಲ್ಲಿನ ಹುಡುಗ, ಮಾತು ತೊದಲು. ಮಂತ್ರ ನಾಲಿಗೆಗೆ ಹತ್ತದು, ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದಬೇಕೆಂಬ ಹುಚ್ಚು. ಓರಗೆಯವರು ಆಡಿಕೊಳ್ಳುತ್ತಾರೆ, ಅಪ್ಪ ಹೊಡೆಯುತ್ತಾನೆ, ಅವನು ಮಾತ್ರ ಹಾಳುಬಾವಿಗೆ ಬಾಗಿ ಊದಿ ಊದಿ ಕಲಿಯುತ್ತಾನೆ. ಹೂ ಕಟ್ಟುತ್ತಿದ್ದ ಅಜ್ಜಿಯ ಕೈಯಲ್ಲಿ ದಾರ ಹಾಗೇ ನಿಂತಿತ್ತು. ಕೊನೆಗೆ ಪಟ್ಟಣದ ದೊಡ್ಡ ಬ್ಯಾಂಡಿನ ಯಜಮಾನನ ಎದುರು ಅವನು ಟ್ರಂಪೆಟ್ಟನ್ನು ತುಟಿಗಿಟ್ಟ, ಕರೆಂಟು ಹೋಯಿತು. ಮತ್ತೆ ಬಂದಾಗ ವಾರ್ತೆ ಓದುತ್ತಿದ್ದರು.

ಮರುದಿನ ಬೆಳಿಗ್ಗೆ ಪೂಜೆಯಲ್ಲಿ ಅಜ್ಜಿ ಗಟ್ಟಿಯಾಗಿಯೇ ಕೇಳಿಕೊಂಡಳು: "ಆಂಜನೇಯಪ್ಪಾ, ಆ ಹುಡುಗನ್ನ ಬ್ಯಾಂಡಿಗೆ ಸೇರಿಸ್ಕೊಂಡ್ರೆ ನಿನಗೆ ವಡೆ ಹಾರ ಹಾಕಿಸ್ತೀನಿ."

"ಅಜ್ಜೀ, ಅದು ಸಿನಿಮಾ!"

"ಸಿನಿಮಾ ಆದ್ರೇನೇ, ಮಗು ಅಲ್ವಾ?"

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಅತ್ತೆ ತಿರುಗಿ ನೋಡಿದಳು. ನಗಲಿಲ್ಲ. "ಊರು ಹೆಸರು ಗೊತ್ತಿಲ್ಲದೋನಿಗೆ ಹರಕೆ ಹೊರ್ತೀಯ. ನಾನು ನಿನ್ನ ಮಗಳು ಕಣಮ್ಮ. ನನಗೂ ಒಂದು ಹೊತ್ಕೋ." ಅಷ್ಟೇ ಹೇಳಿ ಬಸ್ಸಿಗೆ ಹೊರಟುಹೋದಳು. ಅಜ್ಜಿ ಆರತಿ ಆರುವವರೆಗೂ ತಟ್ಟೆ ಹಿಡಿದು ನಿಂತೇ ಇದ್ದಳು.

ಶನಿವಾರ ನೋಡಿದರೆ ಅಜ್ಜಿ ವಡೆ ಕರಿದು ಹಾರ ಪೋಣಿಸುತ್ತಿದ್ದಾಳೆ. "ಆ ಹುಡುಗ ಸೇರಿದ್ನಾ ಅಜ್ಜಿ?" ಎಂದೆ. "ಅವನ್ನ ಆಂಜನೇಯ ನೋಡ್ಕೊಳ್ತಾನೆ. ಇದು ನಿಮ್ಮತ್ತೇದು. ಸೋಮವಾರದಿಂದ್ಲೇ ಆ ಸ್ಕೂಲಿಗೆ ಹೋಗ್ಲಿ ಅನ್ನು. ನಾನು ಹೇಳ್ದೆ ಅನ್ನಬೇಡ." ನಾನು ಓಡಿಹೋಗಿ ಎರಡನ್ನೂ ಹೇಳಿಬಿಟ್ಟೆ.

ಆಮೇಲೆ ಬಡಾವಣೆಯ ಎಷ್ಟೋ ಹೆಂಗಸರು ಅತ್ತೆಯ ಕೈಯಲ್ಲಿ ಪಳಗಿದರು. ಅವರಲ್ಲೊಬ್ಬರ ತಮ್ಮನೇ ಅವಳಿಗೆ ಗಂಡನಾಗಿ ಬಂದ, ಒಳ್ಳೆಯ ಮನುಷ್ಯ. ಆ ಸಿನಿಮಾದ ಕೊನೆಯನ್ನು ನಾನು ಇಂದಿಗೂ ನೋಡಿಲ್ಲ. ನನ್ನ ಮಟ್ಟಿಗೆ ಹುಡುಗ ಬ್ಯಾಂಡಿಗೆ ಸೇರಿಯೇ ಸೇರಿದ.

ಕಲಿಸಲು ಸೇರಿದ ಮೊದಲ ತಿಂಗಳಲ್ಲೇ ಒಂದು ಸಂಜೆ ಅತ್ತೆ ಸ್ಕೂಲಿನ ಕಾರನ್ನು ಕೇಳಿ ತಂದಿದ್ದಳು. ಅಜ್ಜಿ ಗುಡಿಗೆ ಹೋಗುವವಳಂತೆ ಚಪ್ಪಲಿಯನ್ನು ಹೊರಗೇ ಬಿಟ್ಟು ಹಿಂದಿನ ಸೀಟಿಗೆ ಹತ್ತಿದಳು. ಪಕ್ಕದಲ್ಲಿ ನಾನು. ಯಡಿಯೂರು ಕೆರೆಯವರೆಗೂ ಅವಳು ಕಣ್ಣು ಮುಚ್ಚಿ ರಾಮ ರಾಮ ಎನ್ನುತ್ತಿದ್ದಳು. ಕೆರೆಯ ಗಾಳಿ ಮುಖಕ್ಕೆ ಬಡಿದಾಗ ಕಣ್ಣು ಬಿಟ್ಟಳು, ಮತ್ತೆ ಮುಚ್ಚಲಿಲ್ಲ.

"ಮನೆ ಬಂತಮ್ಮ, ಇಳಿ" ಎಂದಳು ಅತ್ತೆ.

"ಏನವಸರ ನಿನಗೆ? ಇನ್ನೊಂದು ಸುತ್ತು ಹೋಗೇ."

ಅತ್ತೆ ಕಾರು ನಿಲ್ಲಿಸಲಿಲ್ಲ. ನಾವು ಮೂವರೂ ನಗುತ್ತಿದ್ದೆವು. ನಾನು ಹಿಂದಿನ ಗಾಜಿನಲ್ಲಿ ಇಣುಕಿದೆ. ದೀಪ ಹಚ್ಚಿದ ಜಗುಲಿ, ತೆರೆದಿಟ್ಟ ಗೇಟು, ನಿಲ್ಲಿಸಿ ಎಂದು ಕೈ ಎತ್ತಿದ ತಾತ, ಎಲ್ಲವೂ ಚಿಕ್ಕದಾಗುತ್ತಾ ಆಗುತ್ತಾ ತಿರುವಿನಲ್ಲಿ ಮರೆಯಾದವು.